ಮೇಲಿನ ಸಾಲು ಸರಿಯಾಗೇ ಇತ್ತು

ಅಕ್ಕನ ಮಗಳು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ. ಹಾಲಿನ ಲೆಕ್ಕ ಇಡುವ ಪುಟ್ಟ ಪ್ರೋಗ್ರಾಮ್ ಬರೆದಿದ್ದಳು, ಲೀಟರಿಗೆ 50 ರೂಪಾಯಿ ಅಂತ ಹಿಡಿದು. ವೇರಿಯಬಲ್‌ಗಳಿಗೆ, ಅಂದರೆ ಲೆಕ್ಕದ ಸಂಖ್ಯೆ ಇಡುವ ಜಾಗಗಳಿಗೆ, ಕನ್ನಡದ ಹೆಸರೇ. ಪೈಥಾನ್ 3 ಬಂದ 2008ರಿಂದಲೇ ಇದು ನಡೆಯುತ್ತದೆ, ಜಾಸ್ತಿ ಜನ ಬಳಸುವುದಿಲ್ಲ ಅಷ್ಟೇ. ಫಂಕ್ಷನ್ ಶುರುಮಾಡುವ ಡೆಫ್, ಪರದೆಯ ಮೇಲೆ ತೋರಿಸುವ ಪ್ರಿಂಟ್ ಥರದ ಪೈಥಾನ್‌ನ ಸ್ವಂತ ಪದಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದೋಕೆ ಸಲೀಸಾಗಲಿ ಅಂತ ಅವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಮೊತ್ತ = 0
ಡೆಫ್ ಸೇರಿಸು(ಲೀಟರ್):
    ಪ್ರಿಂಟ್(ಮೊತ್ತ)
ಸೇರಿಸು(2)

ಓಡಿಸಿದಳು. 0 ಅಂತ ಬಂತು. ಆಮೇಲೆ ಫಂಕ್ಷನ್‌ನ (ಹೆಸರಿಟ್ಟು, ಬೇಕಾದಾಗ ಕರೆಯುವ ತುಂಡು; ಇಲ್ಲಿ "ಸೇರಿಸು") ಒಳಗೆ, ಪ್ರಿಂಟ್‌ನ ಕೆಳಗೆ, ಇನ್ನೊಂದು ಸಾಲು ಸೇರಿಸಿದಳು:

    ಮೊತ್ತ = ಮೊತ್ತ + ಲೀಟರ್ * 50

ಈಗ ಎರರ್. ಅದೂ ಹೊಸ ಸಾಲಿನಲ್ಲಲ್ಲ, ಪ್ರಿಂಟ್ ಸಾಲಿನಲ್ಲಿ! "ಮಾಮ, ಈಗ ತಾನೇ ಓಡಿತ್ತು, ಅದನ್ನ ನಾನು ಮುಟ್ಟೇ ಇಲ್ಲ" ಅಂದಳು. ನಿಜ, ಮುಟ್ಟಿರಲಿಲ್ಲ. ಎರರ್‌ನ ಹೆಸರು ಅನ್‌ಬೌಂಡ್‌ಲೋಕಲ್‌ಎರರ್. ಪೈಥಾನ್ ಕಲಿತವರಲ್ಲಿ ಇದರ ಮುಂದೆ ಒಂದು ಸಂಜೆ ಕಳೆಯದವರು ಕಡಿಮೆ.

ಮನೆಯೊಳಗೆ "ಪುಟ್ಟೀ" ಅಂತ ಕೂಗಿದರೆ ಆ ಮನೆಯ ಪುಟ್ಟಿ ಓಡಿ ಬರುತ್ತಾಳೆ, ಅಲ್ವಾ? ಪಕ್ಕದ ಮನೆಯಲ್ಲೂ ಒಬ್ಬ ಪುಟ್ಟಿ ಇರಬಹುದು, ಗೊಂದಲ ಇಲ್ಲ. ಫಂಕ್ಷನ್ ಅಂದರೆ ಅಂಥ ಒಂದು ಮನೆ. ಒಳಗೆ ಆ ಹೆಸರಿನವರು ಇಲ್ಲದಿದ್ದರೆ ಪೈಥಾನ್ ಬೀದಿಗೆ, ಅಂದರೆ ಫಂಕ್ಷನ್‌ನ ಹೊರಗೆ, ಬಂದು ಹುಡುಕುತ್ತದೆ. ಅಲ್ಲೂ ಸಿಗದಿದ್ದರೆ ಊರಿಗೆಲ್ಲ ಸೇರಿದ ಹೆಸರುಗಳಲ್ಲಿ ನೋಡುತ್ತದೆ. ಪ್ರಿಂಟ್ ಸಿಗುವುದು ಅಲ್ಲೇ. ಈ ಹುಡುಕಾಟದ ಎಲ್ಲೆಗೆ ಸ್ಕೋಪ್ ಅನ್ನುತ್ತಾರೆ.

ಹಾಗಾದರೆ ಎರಡನೇ ಸಲ ಯಾಕೆ ಬೀದಿಗೆ ಬರಲಿಲ್ಲ? ಸಿ ಭಾಷೆಯಲ್ಲಿ "ಈ ಹೆಸರು ನನ್ನದು" ಅಂತ ಮೊದಲೇ ಹೇಳಬೇಕು. ಪೈಥಾನ್‌ನಲ್ಲಿ ಆ ಶಾಸ್ತ್ರ ಇಲ್ಲ. ಈಕ್ವಲ್ ಚಿಹ್ನೆಯ ಎಡಗಡೆ ಹೆಸರು ಬಂತೋ, ಅದೇ ನಾಮಕರಣ. ಫಂಕ್ಷನ್ ಓಡುವ ಮೊದಲೇ ಪೈಥಾನ್ ಅದನ್ನು ಪೂರ್ತಿ ಓದಿ, ಯಾವ ಯಾವ ಹೆಸರು ಒಳಗಿನವು ಅಂತ ಪಟ್ಟಿ ಮಾಡಿಕೊಳ್ಳುತ್ತದೆ. ಒಂದೊಂದಕ್ಕೂ ನಂಬರ್ ಹಾಕಿದ ಜಾಗ ಕೊಟ್ಟುಬಿಡುತ್ತದೆ, ಓಡುವಾಗ ಬೇಗ ಸಿಗಲಿ ಅಂತ. ಕೊನೇ ಸಾಲಿನಲ್ಲಿ ನಾಮಕರಣ ಆದರೂ ಅದು ಮೊದಲ ಸಾಲಿಗೂ ಅನ್ವಯ. ಹಾಗಾಗಿ ಪ್ರಿಂಟ್ ಸಾಲು ಕೂಗಿದ್ದು ಮನೆಯ ಮೊತ್ತವನ್ನೇ. ಹೆಸರು ಗೊತ್ತಾಗಿದೆ, ತೊಟ್ಟಿಲು ಕಟ್ಟಿದೆ, ಮಗು ಇನ್ನೂ ಬಂದಿಲ್ಲ. ಬೀದಿಯ ಮೊತ್ತ ಎದುರಿಗೇ ಇದ್ದರೂ ಪೈಥಾನ್ ಅದನ್ನು ತಿರುಗಿ ನೋಡುವುದಿಲ್ಲ.

ಇಷ್ಟೆಲ್ಲ ಮಡಿ ಯಾಕೆ ಅನ್ನಿಸಬಹುದು. 1949ರಲ್ಲಿ ಕೇಂಬ್ರಿಜ್‌ನಲ್ಲಿ ಎಡ್‌ಸ್ಯಾಕ್ ಅನ್ನುವ ಕಂಪ್ಯೂಟರ್ ಓಡತೊಡಗಿತು. ಪದೇ ಪದೇ ಬೇಕಾಗುವ ಲೆಕ್ಕಗಳನ್ನು ಕಾಗದದ ಟೇಪಿನಲ್ಲಿ ತೂತು ಹೊಡೆದು ಇಟ್ಟುಕೊಂಡು, ಬೇಕಾದವರು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುತ್ತಿದ್ದರು. ಕೆಲಸ ಮುಗಿಸಿ ಕರೆದ ಜಾಗಕ್ಕೇ ವಾಪಸ್ ಬರುವ ಉಪಾಯ ಅಲ್ಲಿನ ಡೇವಿಡ್ ವೀಲರ್ ಅವರದು. ಫಂಕ್ಷನ್‌ನ ಅಜ್ಜ ಅದೇ. ಬೇರೆಯವರು ಬರೆದ ತುಂಡನ್ನು ತಂದು ಸೇರಿಸುವಾಗ ಅವರ ಹೆಸರು ನಮ್ಮ ಹೆಸರಿಗೆ ಡಿಕ್ಕಿ ಹೊಡೆಯಬಾರದು ಅನ್ನುವ ಚಿಂತೆ ಆಮೇಲೆ ಬಂತು. ಹೆಸರಿಗೆ ಎಲ್ಲೆ ಹಾಕುವ ಪದ್ಧತಿಯನ್ನು ಸ್ಪಷ್ಟವಾಗಿ ಬರೆದಿಟ್ಟದ್ದು ಆಲ್ಗಾಲ್ 60 ಅನ್ನುವ ಭಾಷೆ. ಪೈಥಾನ್‌ಗೇ ಇದು ಪೂರ್ತಿ ಕೂಡಿಬರಲು ಸಮಯ ಹಿಡಿಯಿತು. 2001ರಲ್ಲಿ ಬಂದ 2.1ನೇ ಆವೃತ್ತಿಗೂ ಮುಂಚೆ, ಒಂದು ಫಂಕ್ಷನ್‌ನ ಒಳಗೆ ಇನ್ನೊಂದನ್ನು ಬರೆದರೆ ಒಳಗಿನದಕ್ಕೆ ಹೊರಗಿನದರ ಹೆಸರುಗಳು ಕಾಣುತ್ತಲೇ ಇರಲಿಲ್ಲ.

ಅವಳ ತೊಂದರೆಗೆ "ಗ್ಲೋಬಲ್ ಮೊತ್ತ", ಅಂದರೆ ಬೀದಿಯ ಮೊತ್ತವನ್ನೇ ಬಳಸು, ಅಂತ ಫಂಕ್ಷನ್‌ನ ಮೊದಲಿಗೆ ಒಂದು ಸಾಲು ಸೇರಿಸಿದರೆ ಸಾಕಿತ್ತು. ನನಗೆ ಅದು ಇಷ್ಟವಿಲ್ಲ. ಹತ್ತು ಫಂಕ್ಷನ್‌ಗಳು ಒಂದೇ ಮೊತ್ತಕ್ಕೆ ಕೈ ಹಾಕಿದರೆ ಯಾರು ಕೆಡಿಸಿದರು ಅಂತ ಹುಡುಕೋದು ಕಷ್ಟ. ಹಳೆ ಮೊತ್ತವನ್ನು ಒಳಗೆ ಕಳಿಸು, ಹೊಸದನ್ನು ರಿಟರ್ನ್ ಮಾಡು, ಅಂದರೆ ಕರೆದವರ ಕೈಗೆ ವಾಪಸ್ ಕೊಡು ಅಂದೆ. ಅವಳು ರಿಟರ್ನ್ ಬದಲು ಪ್ರಿಂಟ್ ಬರೆದಳು. ಪರದೆಯ ಮೇಲೆ 100 ಬಂತು, ಮೊತ್ತದಲ್ಲಿ ಸಿಕ್ಕಿದ್ದು ನನ್ (None), ಅಂದರೆ "ಏನೂ ಇಲ್ಲ". ಪ್ರಿಂಟ್ ಬರೀ ಕೂಗಿ ಹೇಳುತ್ತದೆ, ಕೈಗೆ ಏನೂ ಕೊಡುವುದಿಲ್ಲ.

ಅದು ಸರಿಹೋದ ಮೇಲೆ ಅವಳೇ ಇನ್ನೊಂದು ಪ್ರಯೋಗ ಮಾಡಿದಳು. ಹೊರಗೆ ಪಟ್ಟಿ ಅನ್ನುವ ಖಾಲಿ ಲಿಸ್ಟ್, ಫಂಕ್ಷನ್ ಒಳಗೆ ಪಟ್ಟಿ.ಅಪೆಂಡ್(2). ಓಡಿತು! ಗ್ಲೋಬಲ್ ಇಲ್ಲ, ಎರರೂ ಇಲ್ಲ. ಹಾಗಾದರೆ ನೀವು ಹೇಳಿದ್ದು ಸುಳ್ಳಾ ಅಂತ ನನ್ನ ಮುಖ ನೋಡಿದಳು. ಅಪೆಂಡ್ ಇದ್ದ ಡಬ್ಬಿಗೇ ಇನ್ನೊಂದು ವಸ್ತು ಹಾಕುತ್ತದೆ, ಹೊಸ ನಾಮಕರಣ ಏನೂ ಆಗಿಲ್ಲ ಅಂದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಅಪೆಂಡ್ ಅಳಿಸಿ ಪಟ್ಟಿ += [2] ಅಂತ ಬರೆದು ಓಡಿಸಿದಳು. ಅದೇ ಹಳೆ ಎರರ್. ಈ ಸಲ ನನ್ನ ಕಡೆ ತಿರುಗಲಿಲ್ಲ, ಪರದೆಯ ಮೇಲಿನ ಈಕ್ವಲ್ ಚಿಹ್ನೆಯ ಮೇಲೆ ಬೆರಳಿಟ್ಟಳು.