ಕಣ್ಣಿಗೆ ಬೀಳದ ಕತ್ತರಿ

ಸಿನಿಮಾ ಎಳೆದಂತಾಯಿತು ಎನಿಸಿದಾಗ ಮಾತ್ರ ನಮಗೆ ಸಂಕಲನಕಾರರ ನೆನಪಾಗುತ್ತದೆ. ‘ಇನ್ನೊಂದಿಪ್ಪತ್ತು ನಿಮಿಷ ಕತ್ತರಿಸಬಹುದಿತ್ತು’ ಎನ್ನುತ್ತಾ ಹೊರಬರುತ್ತೇವೆ. ದೃಶ್ಯಗಳು ಪಟಪಟನೆ ಬದಲಾದರೆ ‘ಎಡಿಟಿಂಗ್ ಚುರುಕಾಗಿದೆ’ ಎಂದು ಮೆಚ್ಚುತ್ತೇವೆ. ಬೈಗುಳ, ಹೊಗಳಿಕೆ ಎರಡೂ ಗುರಿ ತಪ್ಪಿದ ಮಾತುಗಳೇ. ಬೇಡವಾದದ್ದನ್ನು ಕಿತ್ತೆಸೆಯುವುದು ಈ ಕಸುಬಿನ ಸುಲಭದ ಭಾಗ. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕೋನದಿಂದ ತೆಗೆದ ಎರಡು ತುಣುಕುಗಳನ್ನು ನೋಡುಗರ ಮಿದುಳು ಯಾವ ತಕರಾರೂ ಇಲ್ಲದೆ ಒಂದೇ ಎಂದು ಒಪ್ಪುವಂತೆ ಕೂಡಿಸುವುದು ಕಷ್ಟದ ಭಾಗ.

ಎಷ್ಟು ಕಷ್ಟ ಎಂಬುದಕ್ಕೆ ಒಂದು ಲೆಕ್ಕವಿದೆ. 1979ರ ‘ಅಪೊಕ್ಯಾಲಿಪ್ಸ್ ನೌ’ ಚಿತ್ರಕ್ಕಾಗಿ ಹನ್ನೆರಡೂವರೆ ಲಕ್ಷ ಅಡಿ ಫಿಲ್ಮ್ ಓಡಿಸಿದ್ದರು. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಸರಿಯುತ್ತದೆ. ಅಂದರೆ ಒಟ್ಟು 230 ಗಂಟೆಗೂ ಹೆಚ್ಚು. ತೆರೆಗೆ ಬಂದದ್ದು ಎರಡೂವರೆ ಗಂಟೆಯ ಆಸುಪಾಸು. ಅದರ ಸಂಕಲನಕಾರರಲ್ಲೊಬ್ಬರಾದ ವಾಲ್ಟರ್ ಮರ್ಚ್ ಆಮೇಲೆ ಕುಳಿತು ಗುಣಿಸಿ ಭಾಗಿಸಿದಾಗ, ಒಬ್ಬ ಸಂಕಲನಕಾರ ದಿನಕ್ಕೆ ಮಾಡಿದ ಕಟ್‌ಗಳ, ಅಂದರೆ ತುಣುಕಿಗೆ ತುಣುಕು ಕೂಡಿಸಿದ ಜಾಗಗಳ, ಸರಾಸರಿ 1.47 ಎಂದು ಬಂತು. ಒಂದು ಕಟ್ ಹಾಕಲು ಹತ್ತು ಸೆಕೆಂಡ್ ಸಾಕು. ಮಿಕ್ಕ ದಿನವೆಲ್ಲ ನೋಡುವುದು, ಜೋಡಿಸುವುದು, ಬಿಚ್ಚುವುದು, ಎರಡು ಫ್ರೇಮ್ ಹಿಂದಕ್ಕೆ ಸರಿಸಿ ಮತ್ತೆ ನೋಡುವುದು.

ನಿಜವಾದ ಒಗಟು ಇಲ್ಲಿಂದ ಮುಂದಿದೆ. ನಮ್ಮ ಕಣ್ಣೆದುರಿನ ಜಗತ್ತು ಯಾವತ್ತೂ ಗಕ್ಕನೆ ಬದಲಾಗುವುದಿಲ್ಲ. ಕಾಡು ನೋಡುತ್ತಿದ್ದವನ ಎದುರು ಮರುಕ್ಷಣ ಒಂದು ಮುಖ ಇಡೀ ನೋಟವನ್ನು ತುಂಬಿಕೊಂಡ ಉದಾಹರಣೆ ಜೀವವಿಕಾಸದ ಇತಿಹಾಸದಲ್ಲೇ ಇಲ್ಲ. ಸಿನಿಮಾದ ಆದ್ಯರಲ್ಲಿ ಸೇರಿದ ಫ್ರಾನ್ಸಿನ ಲ್ಯೂಮಿಯೇರ್ ಸೋದರರು 1895ರಲ್ಲಿ ತೋರಿಸಿದ್ದೂ ಒಂದೊಂದೇ ಶಾಟ್‌ನ, ಅಂದರೆ ನಡುವೆ ಕತ್ತರಿಸದೆ ಒಂದೇ ಓಟಕ್ಕೆ ತೆಗೆದ ಚಿತ್ರಗಳನ್ನು. (ತೆರೆಯ ಮೇಲಿನ ರೈಲು ಕಂಡು ಜನ ಹೆದರಿ ಓಡಿದರು ಎಂಬ ಕಥೆಗೆ ಅಂದಿನ ಗಟ್ಟಿ ಸಾಕ್ಷ್ಯವಿಲ್ಲ, ಆದರೂ ಸಾಯುವುದಿಲ್ಲ.) ಕೆಲವೇ ವರ್ಷಗಳಲ್ಲಿ ಶಾಟ್‌ಗೆ ಶಾಟ್ ಅಂಟಿಸಿದ ಚಿತ್ರಗಳು ಬಂದವು. ಯಾರ ತಲೆಯೂ ತಿರುಗಲಿಲ್ಲ. ಏಕೆ?

ಏಕೆಂದರೆ ಕಟ್ ಮಾಡುವುದನ್ನು ಕಣ್ಣು ಮೊದಲೇ ಬಲ್ಲದು. ಅಕ್ಷಿಪಟಲದಲ್ಲಿ ನಿಚ್ಚಳವಾಗಿ ಕಾಣುವ ಜಾಗ ಬಹಳ ಕಿರಿದು. ಚಾಚಿದ ಕೈಯ ಹೆಬ್ಬೆರಳಿನ ಉಗುರು ಆವರಿಸುವಷ್ಟು ನೋಟ ಮಾತ್ರ ಅದರ ಪಾಲಿಗೆ. ಸುತ್ತಲಿನದೆಲ್ಲ ಮಸುಕು. ಆದ್ದರಿಂದ ಕಣ್ಣು ಸೆಕೆಂಡಿಗೆ ಮೂರು ಬಾರಿಯಂತೆ ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುತ್ತಲೇ ಇರುತ್ತದೆ. ಈ ನೆಗೆತಕ್ಕೆ ವಿಜ್ಞಾನಿಗಳು ‘ಸಕಾಡ್’ ಎನ್ನುತ್ತಾರೆ. ಒಂದೊಂದು ನೆಗೆತಕ್ಕೂ ಸೆಕೆಂಡಿನ ನೂರನೇ ಎರಡರಿಂದ ಐದು ಭಾಗ ಬೇಕು. ಅಷ್ಟು ಹೊತ್ತು ಜಗತ್ತೆಲ್ಲ ಗೀಚಿದ ಹಾಗೆ ಸರ್ರನೆ ಹರಿದು ಹೋಗಬೇಕಿತ್ತು. ಹಾಗೆ ಕಾಣುವುದಿಲ್ಲ, ಮಿದುಳು ಆ ಹೊತ್ತಿನ ನೋಟವನ್ನು ಅದುಮಿಬಿಡುತ್ತದೆ.

ನಂಬಿಕೆಯಾಗದಿದ್ದರೆ ಕನ್ನಡಿಯ ಮುಂದೆ ನಿಲ್ಲಿ. ನಿಮ್ಮದೇ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು, ಮತ್ತೆ ಎಡಗಣ್ಣನ್ನು. ಗುಡ್ಡೆ ಹೊರಳಿದ್ದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಗೋಡೆ ಗಡಿಯಾರದತ್ತ ತಟ್ಟನೆ ಕಣ್ಣು ಹೊರಳಿಸಿದಾಗ ಮೊದಲ ಸೆಕೆಂಡ್ ಉಳಿದವುಗಳಿಗಿಂತ ದೀರ್ಘವೆನಿಸುವುದಕ್ಕೂ ಇದೇ ಮೂಲ: ನೆಗೆತದಲ್ಲಿ ಕಳೆದುಹೋದ ಹೊತ್ತನ್ನು ಮಿದುಳು ನಂತರದ ನೋಟದಿಂದ ತುಂಬಿಕೊಂಡು ಲೆಕ್ಕ ಸರಿಮಾಡುತ್ತದೆ. ಇದಕ್ಕೆ ರೆಪ್ಪೆ ಬಡಿತವನ್ನೂ ಸೇರಿಸಿ. ಎಚ್ಚರವಿರುವ ಹೊತ್ತಿನ ಹತ್ತರಲ್ಲೊಂದು ಪಾಲಿಗೂ ಹೆಚ್ಚು ಸಮಯ ನಾವು ಕುರುಡರು, ಅದು ನಮಗೆ ಗೊತ್ತೇ ಇಲ್ಲ. ತುಣುಕುಗಳನ್ನು ಹೊಲಿದು ಅಖಂಡ ಜಗತ್ತೆಂದು ನಂಬಿಸುವ ಕೆಲಸ ತಲೆಯೊಳಗೆ ಹಗಲೆಲ್ಲ ನಡೆದೇ ಇರುತ್ತದೆ. ಸಂಕಲನಕಾರರು ಈ ಸಿದ್ಧ ಯಂತ್ರಕ್ಕೆ ಸರಕು ಒದಗಿಸುತ್ತಾರೆ, ಅಷ್ಟೇ.

‘ಅಷ್ಟೇ’ ಎಂದೆ; ಆದರೆ ಸರಕು ಎಲ್ಲಿ ತುಂಡಾಗಬೇಕೆಂಬುದರಲ್ಲೇ ವಿದ್ಯೆಯೆಲ್ಲ ಇದೆ. ಹೆಂಗಸೊಬ್ಬಳು ಕುರ್ಚಿಯಲ್ಲಿ ಕೂರುವ ದೃಶ್ಯ ತೆಗೆದುಕೊಳ್ಳಿ. ದೂರದ ಶಾಟ್‌ನಲ್ಲಿ ಅವಳು ನಿಂತಿದ್ದಾಳೆ, ಹತ್ತಿರದ ಶಾಟ್‌ನಲ್ಲಿ ಕೂತಿದ್ದಾಳೆ. ಅವಳು ಕದಲುವ ಮುನ್ನವೇ ಕತ್ತರಿಸಿದರೆ ಕಟ್ ಎದ್ದು ಕಾಣುತ್ತದೆ. ಪೂರ್ತಿ ಕೂತ ಮೇಲೆ ಕತ್ತರಿಸಿದರೂ ಕಾಣುತ್ತದೆ. ಮೈ ಕೆಳಗಿಳಿಯುತ್ತಿರುವಾಗ, ಸೊಂಟ ಬಾಗಿ ಕೈ ಕುರ್ಚಿಯ ತೋಳು ಹುಡುಕುತ್ತಿರುವಾಗ ಕತ್ತರಿಸಿದರೆ ಮಾಯವಾಗುತ್ತದೆ. ನೋಡುಗರ ಗಮನವೆಲ್ಲ ಆ ಇಳಿತದ ಬೆನ್ನು ಹತ್ತಿರುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಎರಡನೇ ಶಾಟ್ ಮೊದಲನೆಯದು ನಿಂತ ಕಡೆಯಿಂದಲೇ ಕರಾರುವಾಕ್ಕಾಗಿ ಶುರುವಾದರೆ ಎಷ್ಟೋ ಸಲ ಚಲನೆ ಎಗರಿದಂತೆ ಕಾಣುತ್ತದೆ. ಅದಕ್ಕೇ ಅನುಭವಸ್ಥರು ಎರಡು ಮೂರು ಫ್ರೇಮ್ ಚಲನೆಯನ್ನು ಮರುಕಳಿಸಿ ಇಡುತ್ತಾರೆ. ಒಂದು ಫ್ರೇಮ್ ಎಂದರೆ ಸೆಕೆಂಡಿನ 24ನೇ ಒಂದು ಭಾಗ. ಹೊಸ ಚಿತ್ರದಲ್ಲಿ ನೆಲೆ ಕಂಡುಕೊಳ್ಳಲು ಕಣ್ಣಿಗೆ ಬೇಕಾದ ಬಿಡುವು ಅದು. ಗಣಿತಕ್ಕೆ ತಪ್ಪು, ಕಣ್ಣಿಗೆ ಸರಿ.

ಇದನ್ನು ಅಳೆದವರೂ ಇದ್ದಾರೆ. ಟಿಮ್ ಸ್ಮಿತ್ ಮತ್ತು ಜಾನ್ ಹೆಂಡರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟ್ ಕಂಡ ಕೂಡಲೇ ಗುಂಡಿ ಒತ್ತಿ ಎಂದು ನೋಡುಗರಿಗೆ ಮೊದಲೇ ಹೇಳಿದ್ದರು. ಅಷ್ಟಾದರೂ ಚಲನೆಯ ನಡುವೆ ಹಾಕಿದ ಕಟ್‌ಗಳಲ್ಲಿ ಮೂರರಲ್ಲೊಂದರಷ್ಟು ತಪ್ಪಿಹೋದವು. ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ 1997ರಲ್ಲಿ ಇದಕ್ಕಿಂತ ತುಂಟತನದ ಕೆಲಸ ಮಾಡಿದರು: ಮೇಜಿನಿಂದ ಎದ್ದು ಫೋನ್ ಎತ್ತಿಕೊಳ್ಳಲು ಹೋಗುವ ವ್ಯಕ್ತಿಯನ್ನೇ ಕಟ್‌ನ ನಡುವೆ ಬದಲಾಯಿಸಿದರು. ಎದ್ದವನು ಒಬ್ಬ, ಬೇರೆ ಉಡುಪಿನಲ್ಲಿ ಫೋನ್ ಎತ್ತಿದವನು ಇನ್ನೊಬ್ಬ. ಮೂರರಲ್ಲಿ ಎರಡು ಪಾಲು ಜನರಿಗೆ ಅದು ತಿಳಿಯಲೇ ಇಲ್ಲ. ಲೋಟದ ಹಾಲು ಹಿಂದಿನ ಶಾಟ್‌ಗಿಂತ ಹೆಚ್ಚಾಗಿದೆ ಎಂದು ಸಿನಿಮಾಗಳ ತಪ್ಪು ಹೆಕ್ಕುವವರಿಗೆ ಇದು ಅರ್ಥವಾಗಬೇಕು. ಸಂಕಲನಕಾರರಿಗೆ ಆ ಹಾಲು ಬಹುಮಟ್ಟಿಗೆ ಕಂಡಿರುತ್ತದೆ. ನಟಿಯ ಮುಖದ ಭಾವ ಆ ಟೇಕ್‌ನಲ್ಲಿ ಚೆನ್ನಾಗಿತ್ತು, ನಿಮ್ಮ ಕಣ್ಣು ಅಲ್ಲಿಯೇ ಇರುತ್ತದೆಂದು ಗೊತ್ತಿತ್ತು, ಹಾಲಿನ ಗೊಡವೆಗೆ ಹೋಗಲಿಲ್ಲ.

ಸಂಕಲನದ ಮಾತು ಬಂದರೆ ಎಲ್ಲರೂ ಸೋವಿಯತ್ ನಿರ್ದೇಶಕ ಕುಲೆಶೊವ್ ಮಾಡಿದ ಪ್ರಯೋಗದಿಂದ ಶುರುಮಾಡುತ್ತಾರೆ. ಒಂದೇ ಮುಖದ ಪಕ್ಕ ಸೂಪು, ಶವಪೆಟ್ಟಿಗೆ, ಹೆಣ್ಣು ಇಟ್ಟಾಗ ಜನ ಆ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡರಂತೆ. ಆ ಮೂಲ ತುಣುಕು ಉಳಿದಿಲ್ಲ. 1992ರಲ್ಲಿ ಮತ್ತೆ ಮಾಡಿ ನೋಡಿದಾಗ ಪರಿಣಾಮ ಸಿಗಲಿಲ್ಲ. ಆಮೇಲಿನ ಪ್ರಯೋಗಗಳಲ್ಲಿ ಒಂದಿಷ್ಟು ಸಿಕ್ಕಿದೆ. ಮಂತ್ರದಂತೆ ಜಪಿಸುವಷ್ಟು ಭದ್ರವಾದ ಆಧಾರವಲ್ಲ.

ನನಗೆ ಇದಕ್ಕಿಂತ ರುಚಿಸುವುದು ರೆಪ್ಪೆಯ ಕಥೆ. 1974ರ ‘ದಿ ಕಾನ್ವರ್ಸೇಶನ್’ ಚಿತ್ರವನ್ನು ಸಂಕಲಿಸುವಾಗ ಮರ್ಚ್ ಒಂದು ವಿಚಿತ್ರ ಗಮನಿಸಿದರು. ತಾವು ಕತ್ತರಿಸಲು ಆರಿಸಿದ ಫ್ರೇಮಿನ ಬಳಿಯಲ್ಲೇ ನಟ ಜೀನ್ ಹ್ಯಾಕ್‌ಮನ್ ಪದೇ ಪದೇ ರೆಪ್ಪೆ ಬಡಿಯುತ್ತಿದ್ದರು. ಪಾತ್ರದ ಒಂದು ಆಲೋಚನೆ ಮುಗಿದಲ್ಲಿ ರೆಪ್ಪೆ ಬೀಳುತ್ತದೆ, ಕಟ್ ಬೀಳಬೇಕಾದ್ದೂ ಅಲ್ಲೇ ಎಂದು ಅವರು ಊಹಿಸಿದರು. ಕಸುಬುದಾರನ ಊಹೆ ಎಂದು ಬದಿಗಿಡಬಹುದಿತ್ತು. ಆದರೆ 2009ರಲ್ಲಿ ಜಪಾನಿನ ತಮಾಮಿ ನಕಾನೊ ಮತ್ತು ಸಂಗಡಿಗರು, ಒಂದೇ ಹಾಸ್ಯ ಚಿತ್ರವನ್ನು ನೋಡುವ ಬೇರೆ ಬೇರೆ ಜನರ ರೆಪ್ಪೆಗಳು ಹೆಚ್ಚುಕಡಿಮೆ ಒಟ್ಟಿಗೆ ಬಡಿಯುತ್ತವೆ ಎಂದು ತೋರಿಸಿದರು. ಅದೂ ಒಂದು ಕ್ರಿಯೆ ಮುಗಿದ ಗಳಿಗೆಯಲ್ಲಿ. ಕಥೆಯಿಲ್ಲದ ದೃಶ್ಯ ತೋರಿಸಿದಾಗ ಆ ಹೊಂದಾಣಿಕೆ ಕಾಣಲಿಲ್ಲ.

ಹಾಗೆಂದು ಎಲ್ಲವೂ ಹುಟ್ಟಿನಿಂದ ಬಂದದ್ದಲ್ಲ. ಟರ್ಕಿಯ ಗುಡ್ಡಗಾಡಿನಲ್ಲಿ ಅಲ್ಲಿಯವರೆಗೆ ಚಿತ್ರವನ್ನೇ ನೋಡಿರದ ವಯಸ್ಕರಿಗೆ ತುಣುಕುಗಳನ್ನು ತೋರಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಪರಿಚಿತ ಕೆಲಸವೊಂದು ಹಂತ ಹಂತವಾಗಿ ಸಾಗಿದಾಗ ಅವರು ಕಟ್‌ಗಳನ್ನು ದಾಟಿ ಅರ್ಥಮಾಡಿಕೊಂಡರು. ಪಾತ್ರದ ಕಣ್ಣಿನಿಂದ ಕಂಡಂತೆ ತೆಗೆದ ಶಾಟ್ ಮಾತ್ರ ಅವರಿಗೆ ಗೊಂದಲವಾಯಿತು.

ಸಂಕಲನದ ಕೋಣೆಯಲ್ಲಿ ಮೊದಮೊದಲು ಕೂತವರಲ್ಲಿ ಹೆಂಗಸರೇ ಬಹಳ. ಹಾಲಿವುಡ್‌ನಲ್ಲಿ ಅವರನ್ನು ‘ಕಟರ್’ ಎನ್ನುತ್ತಿದ್ದರು. ಕೈಕೆಲಸವೆಂದು ಎಣಿಸಿದ್ದರಿಂದಲೇ ಅವರ ಪಾಲಿಗೆ ಬಿಟ್ಟಿದ್ದರು. ಮಾರ್ಗರೆಟ್ ಬೂತ್ ಹಾಗೆ ಶುರುಮಾಡಿ ಎಂಜಿಎಂ ಸ್ಟುಡಿಯೋದ ಸಂಕಲನ ವಿಭಾಗದ ಮೇಲ್ವಿಚಾರಕರಾಗಿ ದಶಕಗಳ ಕಾಲ ದುಡಿದರು. 1924ರಲ್ಲಿ ಫಿಲ್ಮನ್ನು ಓಡಿಸಿ ನೋಡುತ್ತಾ ಸಂಕಲಿಸುವ ಮೂವಿಯೋಲ ಯಂತ್ರ ಬರುವವರೆಗೆ ಫಿಲ್ಮನ್ನು ಬೆಳಕಿಗೆ ಹಿಡಿದು, ಬೆರಳ ನಡುವೆ ಎಳೆದು ವೇಗ ಅಂದಾಜು ಮಾಡುತ್ತಿದ್ದರು. ಇಂದು ಎಲ್ಲವೂ ಕಂಪ್ಯೂಟರಿನ ಟೈಮ್‌ಲೈನ್ ಮೇಲಿದೆ, ಆದರೆ ಹಳೆಯ ರೋಗ ವಾಸಿಯಾಗಿಲ್ಲ: ಒಂದೇ ದೃಶ್ಯವನ್ನು ತಿಂಗಳುಗಟ್ಟಲೆ ನೋಡಿದವರಿಗೆ ಅದನ್ನು ಮೊದಲ ಸಲ ನೋಡುವವರ ಕಣ್ಣು ಎಲ್ಲಿ ಹೋಗುತ್ತದೆಂಬುದು ಮರೆಯುತ್ತದೆ. ಅದಕ್ಕೇ ಕೆಲವರು ದನಿ ಮುಚ್ಚಿ ನೋಡುತ್ತಾರೆ, ಕೆಲವರು ಚಿತ್ರವನ್ನು ಎಡಬಲ ತಿರುಗಿಸಿ ನೋಡುತ್ತಾರೆ, ಕೆಲವರು ಏನೂ ಗೊತ್ತಿಲ್ಲದವರೊಬ್ಬರನ್ನು ಕರೆದು ಹಿಂದೆ ಕೂರಿಸಿಕೊಳ್ಳುತ್ತಾರೆ.

ಮರ್ಚ್ ತಮ್ಮ ಪರದೆಯ ಬುಡದಲ್ಲಿ ಕಾಗದದಲ್ಲಿ ಕತ್ತರಿಸಿದ ಪುಟ್ಟ ಮನುಷ್ಯರನ್ನು ಅಂಟಿಸಿಕೊಳ್ಳುತ್ತಿದ್ದರು. ಅವರ ಅಳತೆಗೆ ಹೋಲಿಸಿದಾಗ ಪರದೆ ಚಿತ್ರಮಂದಿರದ ತೆರೆಯಷ್ಟು ದೊಡ್ಡದೆನಿಸುತ್ತದೆ. ಸಣ್ಣ ಪರದೆಯನ್ನು ಕಣ್ಣು ಒಂದೇ ನೋಟಕ್ಕೆ ಒಳಗೊಳ್ಳುತ್ತದೆ. ದೊಡ್ಡ ತೆರೆಯಲ್ಲಿ ಅದು ಮೂಲೆಯಿಂದ ಮೂಲೆಗೆ ಪ್ರಯಾಣ ಮಾಡಬೇಕು, ಅಲ್ಲಿಗೆ ಶಾಟ್‌ಗೆ ಹೆಚ್ಚು ಕಾಲ ಬೇಕು. ಈಗ ಅದೇ ಚಿತ್ರವನ್ನು ಒಬ್ಬರು ಚಿತ್ರಮಂದಿರದಲ್ಲಿ, ಇನ್ನೊಬ್ಬರು ಅಂಗೈಯಷ್ಟಗಲದ ಮೊಬೈಲಿನಲ್ಲಿ ನೋಡುತ್ತಾರೆ. ಇಬ್ಬರ ಕಣ್ಣಿನ ನೆಗೆತ ಬೇರೆ, ಕೊಡುವ ಕಟ್ ಮಾತ್ರ ಒಂದೇ. ಯಾರ ಕಣ್ಣಿಗೆ ಅಳತೆ ಹಿಡಿಯಬೇಕೆಂಬ ತಗಾದೆ ಈಗ ಸಂಕಲನದ ಕೋಣೆಗಳಲ್ಲಿ ನಡೆಯುತ್ತಲೇ ಇದೆ.