ಹಳೆಯ ಗೇರ್ ಬಾಕ್ಸ್‌ಗೆ ಯಾವ ಆಯಿಲ್?

ಕಳೆದ ಮಳೆಗಾಲದಲ್ಲಿ ನನ್ನ ಶೆಡ್ಡಿಗೆ ಒಂದು ಪ್ರೀಮಿಯರ್ ಪದ್ಮಿನಿ ಬಂತು. "ಸೆಕೆಂಡ್ ಗೇರ್ ಹಾಕಿದ್ರೆ ಕರಕರ ಅನ್ನುತ್ತಪ್ಪಾ. ಹೋದ ತಿಂಗಳು ತಾನೇ ದುಬಾರಿ ಆಯಿಲ್ ಹಾಕಿಸಿದ್ದೆ" ಅಂದರು ಮಾಲೀಕರು, ನಿವೃತ್ತ ಮೇಷ್ಟ್ರು. ಖಾಲಿ ಡಬ್ಬಿಯನ್ನೂ ತಂದಿದ್ದರು. ಮೇಲೆ ಜಿಎಲ್-5 ಎಂದಿತ್ತು. ಜಿಎಲ್ ಅನ್ನುವುದು ಗೇರ್ ಆಯಿಲ್‌ನ ದರ್ಜೆ ಹೇಳುವ ಗುರುತು; ಇಂಥ ಹಳೆಯ ಗೇರ್ ಬಾಕ್ಸ್‌ಗೆ ಹೊಂದುವುದು ಜಿಎಲ್-4. ನಾನು ಗೇರ್ ಬಾಕ್ಸ್ ಬಿಚ್ಚುವ ಮಾತೇ ಎತ್ತಲಿಲ್ಲ. ಮೊದಲು ಆ ಆಯಿಲ್ ಇಳಿಸಿದೆ.

4ಕ್ಕಿಂತ 5 ಮೇಲು ಅಂತ ಎಲ್ಲರಿಗೂ ಅನಿಸುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಜಿಎಲ್-5 ಇರುವುದು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಹೈಪಾಯ್ಡ್ ಎಂಬ ಓರೆ ಹಲ್ಲಿನ ಗೇರುಗಳಿಗೆ. ಅಲ್ಲಿ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅದಕ್ಕೇ ಆ ಆಯಿಲ್‌ನಲ್ಲಿ ಗಂಧಕ ಮತ್ತು ರಂಜಕದ ಅಂಶ ಜಾಸ್ತಿ, ಜಿಎಲ್-4ಕ್ಕಿಂತ ಸುಮಾರು ಎರಡರಷ್ಟು. ಉಕ್ಕಿಗೆ ಅದು ರಕ್ಷೆ. ಹಿತ್ತಾಳೆ, ಕಂಚಿಗೆ ಅಲ್ಲ.

ಗೇರ್ ಬಾಕ್ಸ್ ಒಳಗಿನ ಸಿಂಕ್ರೊ ರಿಂಗ್ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಹಿತ್ತಾಳೆ ಅಥವಾ ಕಂಚಿನದು. ನೀವು ಗೇರ್ ಬದಲಿಸುವಾಗ ಆ ರಿಂಗ್ ಉಕ್ಕಿನ ಕೋನ್ ಒಂದನ್ನು ಗಟ್ಟಿಯಾಗಿ ಹಿಡಿಯಬೇಕು. ಹಿಡಿದಾಗ ಎರಡರ ವೇಗವೂ ಒಂದಾಗುತ್ತದೆ, ಆಮೇಲೆ ಗೇರ್ ಸದ್ದಿಲ್ಲದೆ ಕೂರುತ್ತದೆ. ಅಂದರೆ ಆಯಿಲ್ ತುಂಬಾ ಜಾರಬಾರದು. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಳ್ಳುತ್ತೇವೆ, ಸರಿ. ಅದೇ ಕೈಯಲ್ಲಿ ಬಾವಿಯ ಹಗ್ಗ ಹಿಡಿದರೆ? ಮೇಷ್ಟ್ರ ಕಾರಿನ ಸೆಕೆಂಡ್ ಗೇರಿಗೆ ಆಗಿದ್ದು ಅದೇ. ವರ್ಷಗಟ್ಟಲೆ ಹಾಗೇ ಓಡಿಸಿದರೆ ಜಾರುವುದಷ್ಟೇ ಅಲ್ಲ, ರಿಂಗ್ ಕಪ್ಪಾಗಿ ನಿಧಾನವಾಗಿ ಸವೆಯುತ್ತದೆ. ಹಿತ್ತಾಳೆಗೆ ತೊಂದರೆ ಕೊಡದ ಜಿಎಲ್-5 ಕೂಡ ಈಗ ಬರುತ್ತವೆ. ಆದರೂ ಬಿಡಿಭಾಗ ಸಿಗುವುದೇ ಕಷ್ಟವಾದ ಕಾರಿಗೆ ನಾನು ಅದನ್ನು ಹಾಕುವುದಿಲ್ಲ.

ಇನ್ನು ಆಯಿಲ್ ಎಷ್ಟು ದಪ್ಪ ಅಂತ ಹೇಳುವ ನಂಬರ್ ವಿಷಯ. ಡಬ್ಲ್ಯೂ ಜೊತೆಗಿನ ಅಂಕಿ ಚಳಿಯಲ್ಲಿನ ದಪ್ಪಕ್ಕೆ, ಇನ್ನೊಂದು ಬಿಸಿಯಾದಾಗಿನದಕ್ಕೆ. ಗೇರ್ ಆಯಿಲ್‌ನ 90, ಎಂಜಿನ್ ಆಯಿಲ್‌ನ 50ಕ್ಕಿಂತ ಎಷ್ಟೋ ದಪ್ಪ ಅಂತ ಬಹಳ ಜನ ನಂಬಿದ್ದಾರೆ. ಎರಡರ ಅಳತೆಗೋಲೇ ಬೇರೆ. ಬಿಸಿಯಾದಾಗ ಗೇರ್ ಆಯಿಲ್ 90, ಎಂಜಿನ್ ಆಯಿಲ್ 40-50ರ ಆಸುಪಾಸಿನಲ್ಲೇ ಇರುತ್ತದೆ. ಬ್ರಿಟನ್ನಿನ ಎಂಜಿಬಿ ಕಾರಿನ ಗೇರ್ ಬಾಕ್ಸ್‌ಗೆ 20ಡಬ್ಲ್ಯೂ-50 ಎಂಜಿನ್ ಆಯಿಲ್ಲೇ ಹಾಕುವುದು. ಓವರ್‌ಡ್ರೈವ್, ಅಂದರೆ ವೇಗವಾಗಿ ಹೋಗುವಾಗ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್, ಇದ್ದರೆ ಅದಕ್ಕೂ ಅದೇ ಆಯಿಲ್. ಹಳೆಯ ಮಿನಿ ಕಾರಿನಲ್ಲಂತೂ ಗೇರ್ ಬಾಕ್ಸ್ ಎಂಜಿನ್ನಿನ ಸಂಪ್, ಅಂದರೆ ತಳದ ಆಯಿಲ್ ತೊಟ್ಟಿಯ ಒಳಗೇ ಇದೆ, ಎರಡಕ್ಕೂ ಒಂದೇ ಆಯಿಲ್. ಹಾಗಾಗಿ ಪಕ್ಕದ ಮನೆಯವರು ಹಾಕಿದ್ದನ್ನೇ ಹಾಕಬೇಡಿ, ನಿಮ್ಮ ಕಾರಿನ ಪುಸ್ತಕ ನೋಡಿ. ಅದು 90 ನಂಬರ್ ಗೇರ್ ಆಯಿಲ್ ಕೇಳಿದರೆ, ನಮ್ಮ ಹವೆಗೆ ಸಾದಾ ಮಿನರಲ್ 80ಡಬ್ಲ್ಯೂ-90 ಜಿಎಲ್-4 ಸಾಕು. 75ಡಬ್ಲ್ಯೂ ಇರುವುದು ಹಿಮ ಬೀಳುವ ಊರಿನ ಚಳಿಗೆ.

ಬದಲಿಸುವಾಗ ಒಂದು ಮಾತು ಮರೆಯಬೇಡಿ. ಮೊದಲು ಆಯಿಲ್ ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನ ಡ್ರೈನ್ ಪ್ಲಗ್. ಮೇಲಿನದು ತುಕ್ಕು ಹಿಡಿದು ಬರದೇ ಇದ್ದರೆ ಖಾಲಿ ಗೇರ್ ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಕಾರನ್ನು ಸ್ವಲ್ಪ ಓಡಿಸಿ, ಬಿಸಿ ಇರುವಾಗ ಇಳಿಸಿ. ಇಳಿದ ಆಯಿಲ್ ಅನ್ನು ಬಿಸಿಲಿಗೆ ಹಿಡಿದು ನೋಡಿ. ಚಿನ್ನದ ಪುಡಿಯಂತೆ ಹೊಳೆದರೆ ಅದು ಸಿಂಕ್ರೊ ರಿಂಗಿನದು.

ಮೇಷ್ಟ್ರ ಆಯಿಲ್‌ನಲ್ಲಿ ಹೊಳಪು ಒಂದಿಷ್ಟೇ ಇತ್ತು. ಜಿಎಲ್-4 ಹಾಕಿ, ಒಂದು ವಾರ ಓಡಿಸಿ, ಅದನ್ನೂ ಇಳಿಸಿ ಮತ್ತೆ ಹೊಸದು ತುಂಬಿದೆ. ಈಗ ಸೆಕೆಂಡ್ ಗೇರ್ ಸದ್ದು ಮಾಡುವುದಿಲ್ಲ. ಬೆಳಿಗ್ಗೆ ಕಾರು ತಣ್ಣಗಿದ್ದಾಗ ಮಾತ್ರ ಕೊಂಚ ನಿಧಾನವಾಗಿ ಹಾಕಿ ಅಂತ ಹೇಳಿದ್ದೇನೆ.