ಆಯತಪ್ಪಿ

"ಮೂರನೇ ಮಹಡಿಯಿಂದ ಆಯತಪ್ಪಿ ಬಿದ್ದು ಕಾರ್ಮಿಕ ಸಾವು." ಊರು, ಹೆಸರು ಬದಲಾಗುತ್ತವೆ, 'ಆಯತಪ್ಪಿ' ಮಾತ್ರ ಬದಲಾಗುವುದಿಲ್ಲ. ಹಲಗೆ ಮುರಿದಿರಲಿ, ಕಟ್ಟಿದ ಹಗ್ಗ ಸಡಿಲವಾಗಿರಲಿ, ಬಿದ್ದದ್ದನ್ನು ಯಾರೂ ನೋಡದೇ ಇರಲಿ, ಸುದ್ದಿಯಲ್ಲಿ ಅವನು ಆಯತಪ್ಪಿಯೇ ಬೀಳುತ್ತಾನೆ. ಈ ವಾರವೂ ಹಾಗೇ ಓದಿದೆ. ಸಾಕಾಗಿ ಬರೆಯುತ್ತಿದ್ದೇನೆ.

ಪದ ಬಿಡಿಸಿದರೆ ಆಯ + ತಪ್ಪಿ. ಗಣಿತದ ಆಯತಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಆಯ ಅಂದರೆ ಅಳತೆ, ಹದ, ಇರಬೇಕಾದ ನೆಲೆ. 'ಆಯ-ವ್ಯಯ'ದ ಆಯ ಬೇರೆ, ಅದು ಸಂಸ್ಕೃತದ್ದು, ವರಮಾನ ಅಂತ ಅರ್ಥ. ಇನ್ನು ಮನೆಗೆ ಆಯ ನೋಡಿಸುವುದು ಇದೆಯಲ್ಲ? ಅಳತೆ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷ ಧ್ವಜಾಯವೋ ಗಜಾಯವೋ ಅಂತ ನೋಡುವುದು. ಶಾಸ್ತ್ರದವರಿಗೆ ಅದು ವರಮಾನದ ಆಯವೇ. ಆದರೆ ಜನರ ಬಾಯಲ್ಲಿ ಅದೂ ಅಳತೆಯೇ ಆಗಿಬಿಟ್ಟಿದೆ. "ಆಯ ಕೂಡ್ತಿಲ್ಲ, ಮೂರಿಂಚು ಸರಿಸಿ" ಅಂತ ಮನೆಯವರು ಮೇಸ್ತ್ರಿಗೆ ಹೇಳುವುದನ್ನು ಕೇಳಿದ್ದೇನೆ. ಗೋಡೆಗೆ ಇಷ್ಟು ಅಳತೆ ನೋಡುವ ನಾವು, ಆ ಗೋಡೆ ಕಟ್ಟುವವರು ನಿಂತ ಹಲಗೆ ಎಷ್ಟು ಅಗಲವಿದೆ ಅಂತ ಅಳೆಯುವುದಿಲ್ಲ.

ನನ್ನ ತಕರಾರು ಇರುವುದು 'ತಪ್ಪಿ'ಯ ಬಗ್ಗೆ. ದಾರಿ ತಪ್ಪಿ, ಲೆಕ್ಕ ತಪ್ಪಿ, ಮಾತು ತಪ್ಪಿ: ಯಾವುದನ್ನೇ ತೆಗೆದುಕೊಳ್ಳಿ, ತಪ್ಪಿದವರ ಮೇಲೇ ಹೊರೆ ಬೀಳುತ್ತದೆ. ಬಸ್ಸಿನಲ್ಲಿ ಡ್ರೈವರ್ ಬ್ರೇಕ್ ಹಾಕಿದ, ನಾನು ಆಯತಪ್ಪಿ ಪಕ್ಕದವರ ಮೇಲೆ ಬಿದ್ದೆ. ಇಲ್ಲಿ ಬ್ರೇಕ್ ಕಾರಣ, ಆಯತಪ್ಪಿದ್ದು ಆಮೇಲಿನ ಮಾತು. ಕಟ್ಟಡದ ಸುದ್ದಿಯಲ್ಲಿ ಬ್ರೇಕ್ ಕಾಣೆಯಾಗುತ್ತದೆ. ಕೊನೆಯ ಕ್ಷಣದಲ್ಲಿ ಆದದ್ದೇ ಕಾರಣವಾಗಿ ಕೂತುಬಿಡುತ್ತದೆ.

ನಮ್ಮ ಬೀದಿಯಲ್ಲಿ ಒಂದು ಮನೆ ಏಳುತ್ತಿದೆ. ಕೆಲಸದವರು ನಿಲ್ಲಲು ಕಟ್ಟಿದ ಸರ್ವೆ ಮರದ ಸಾರುವೆ, ಅದರ ಮೇಲೆ ಒಂದೇ ಹಲಗೆ, ಒಂದಡಿಯೂ ಅಗಲವಿಲ್ಲ. ಗಾರೆಯವರು ಕೈಯಲ್ಲಿ ಬಾಣಲಿ ಹಿಡಿದು, ಗೋಡೆಗೆ ಮುಖ ಮಾಡಿ, ಅಡ್ಡಡ್ಡ ಹೆಜ್ಜೆ ಇಡುತ್ತಾರೆ. ಬೆನ್ನ ಹಿಂದೆ ಬರೀ ಗಾಳಿ. ಒಬ್ಬರ ಸೊಂಟದಲ್ಲಿ ಬೆಲ್ಟ್ ಇದೆ, ಅದರ ಕೊಕ್ಕೆ ತೊಡೆಯ ಹತ್ತಿರ ತೂಗಾಡುತ್ತಿದೆ. ಸಿಕ್ಕಿಸಲು ಅಲ್ಲಿ ಏನೂ ಇಲ್ಲ.

ಮನುಷ್ಯ ಅಂದಮೇಲೆ ಆಯ ತಪ್ಪುತ್ತದೆ, ಅಲ್ವಾ? ಏಪ್ರಿಲ್ ಬಿಸಿಲಿಗೆ ತಲೆ ತಿರುಗುತ್ತದೆ. ಶೌಚಾಲಯವಿಲ್ಲದ ಜಾಗದಲ್ಲಿ ಹೆಂಗಸರು ಬೇಕಂತಲೇ ನೀರು ಕಡಿಮೆ ಕುಡಿಯುತ್ತಾರೆ, ಅವರಿಗೆ ಇನ್ನೂ ಜಾಸ್ತಿ. ಮೂವತ್ತು ಅಡಿಯಿಂದ ಜಾರಿದರೆ ನೆಲ ಮುಟ್ಟಲು ಒಂದೂವರೆ ಸೆಕೆಂಡೂ ಬೇಡ. ಅಷ್ಟರಲ್ಲಿ ಯಾರ ಎಚ್ಚರವೂ ಕೆಲಸಕ್ಕೆ ಬರುವುದಿಲ್ಲ. ತಡೆಗಂಬಿ ಇರುವುದೇ ಆಯ ತಪ್ಪಿದವರಿಗಾಗಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ 1998ರಲ್ಲಿ ಬಂದ ಕೇಂದ್ರ ನಿಯಮಗಳಲ್ಲೇ ಸಾರುವೆಗೆ ಒಂದು ಅಧ್ಯಾಯವಿತ್ತು.

ಕಟ್ಟಡವೇ ಬಿದ್ದಾಗ ನಮ್ಮ ಭಾಷೆ ಬೇರೆಯಾಗುತ್ತದೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಯಾಕೆ ಬಿತ್ತು, ಯಾರು ಕಟ್ಟಿದರು, ಯಾರು ಅನುಮತಿ ಕೊಟ್ಟರು ಅಂತ ಎಲ್ಲರೂ ಕೇಳಿದರು. ಕಟ್ಟಡ ಆಯತಪ್ಪಿತು ಅಂತ ಯಾರೂ ಬರೆಯಲಿಲ್ಲ. ಒಬ್ಬನೇ ಬಿದ್ದರೆ ಆ ಪ್ರಶ್ನೆಗಳು ಏಳುವುದೇ ಇಲ್ಲ.

ಈ ವಿಷಯದಲ್ಲಿ ಕಾನೂನೇ ಪತ್ರಿಕೆಗಿಂತ ವಾಸಿ. ಮೊದಲು 1923ರ ಪರಿಹಾರ ಕಾಯ್ದೆಯಲ್ಲಿದ್ದ, ಈಗ ಅದರ ಜಾಗಕ್ಕೆ ಬಂದ ಸಂಹಿತೆಯಲ್ಲೂ ಇರುವ ನಿಯಮದ ಪ್ರಕಾರ, ಕೆಲಸ ಮಾಡುತ್ತಲೇ ಅವಘಡದಲ್ಲಿ ಸತ್ತರೆ, 'ಅವನೇ ನಿಯಮ ಮುರಿದ' ಅಂತ ಹೇಳಿ ಮಾಲೀಕ ಪರಿಹಾರ ತಪ್ಪಿಸಿಕೊಳ್ಳುವಂತಿಲ್ಲ. ಸಣ್ಣ ಗಾಯಕ್ಕೆ ಆ ವಾದ ನಡೆಯುತ್ತದೆ, ಸಾವಿಗೆ ನಡೆಯುವುದಿಲ್ಲ.

ಬರೆಯುವವರಿಗೆ ಇದೇನು ಕಷ್ಟವಲ್ಲ. ಹಲಗೆ ಮುರಿದಿದ್ದರೆ 'ಹಲಗೆ ಮುರಿದು' ಅನ್ನಿ. ತಡೆ ಇರಲಿಲ್ಲವಾದರೆ 'ತಡೆಗಂಬಿ ಇಲ್ಲದ ಸಾರುವೆಯಿಂದ ಬಿದ್ದು' ಅನ್ನಿ. ಕಾರಣ ಇನ್ನೂ ಗೊತ್ತಾಗಿಲ್ಲವೇ? ಸುಮ್ನೆ 'ಬಿದ್ದು' ಅಂತ ಬರೆಯಿರಿ.